ಮೇಲ್ಮಹಡಿಯ ಮನೆಯಲ್ಲಿ ದೊಡ್ಡ ಅಕ್ವೇರಿಯಂ: ನೆಲ ತಡೆಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕನೇ ಮಹಡಿಯ ಮನೆಯಲ್ಲಿ ನಾಲ್ಕು ಅಡಿ ಉದ್ದದ ತೊಟ್ಟಿ ಇಡಬಹುದೇ? ಹೌದು ಅಥವಾ ಇಲ್ಲ ಎಂದು ಹೇಳಿ.

ಸುಸ್ಥಿತಿಯಲ್ಲಿರುವ ಆರ್‌ಸಿಸಿ ಕಟ್ಟಡದಲ್ಲಿ, ಭಾರ ಹೊರುವ ಗೋಡೆಯ ಅಥವಾ ತೊಲೆಯ ಪಕ್ಕಕ್ಕೆ ಒತ್ತಿ ಇಡುವುದಾದರೆ ಸಾಮಾನ್ಯವಾಗಿ ಇಡಬಹುದು. ಅದೇ ತೊಟ್ಟಿಯನ್ನು ಅದೇ ಕೋಣೆಯ ನಟ್ಟನಡುವೆ ಇಡುತ್ತೇನೆಂದರೆ ನನ್ನ ಉತ್ತರ ಬದಲಾಗುತ್ತದೆ. ಬಾಲ್ಕನಿಯಲ್ಲಿ ಎಂದರೆ ಬೇಡ ಎನ್ನುತ್ತೇನೆ. ತೊಟ್ಟಿ ಎಷ್ಟು ಲೀಟರಿನದು ಎಂಬ ಒಂದೇ ಅಂಕಿಯನ್ನು ಹಿಡಿದುಕೊಂಡು ಕೇಳುವ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲ. ಅದು ಎಲ್ಲಿ ನಿಲ್ಲುತ್ತದೆ, ಯಾವ ದಿಕ್ಕಿಗೆ ನಿಲ್ಲುತ್ತದೆ, ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ತೂಕದಷ್ಟೇ ಮುಖ್ಯ.

ತುಂಬಿದ ತೊಟ್ಟಿಯ ತೂಕವನ್ನು ಹೇಗೆ ಲೆಕ್ಕ ಹಾಕಬೇಕು?

ಹೆಚ್ಚಿನವರು ನೀರಿನ ತೂಕವನ್ನಷ್ಟೇ ಕೂಡಿಸಿ ನಿಲ್ಲಿಸಿಬಿಡುತ್ತಾರೆ. ಒಂದು ಲೀಟರ್ ಸಿಹಿನೀರು ಒಂದು ಕೆ.ಜಿ. ತೂಗುತ್ತದೆ ಎಂಬುದು ಸರಿಯೇ, ಆದರೆ ಒಟ್ಟು ಭಾರದಲ್ಲಿ ನೀರು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಪಾಲು ಮಾತ್ರ. ಒಂದು ನಿಜವಾದ ಅಳತೆಯನ್ನೇ ತೆಗೆದುಕೊಳ್ಳೋಣ: 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ, 12 ಮಿ.ಮೀ. ದಪ್ಪದ ಗಾಜು.

ಮೊದಲು ಗಾಜು. ನಾಲ್ಕು ಬದಿ ಮತ್ತು ತಳ ಸೇರಿ ಸುಮಾರು ಎರಡೂವರೆ ಚದರ ಮೀಟರ್ ಗಾಜು ಬೇಕಾಗುತ್ತದೆ. ಗಾಜಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2,500 ಕೆ.ಜಿ. ಆದ್ದರಿಂದ ಖಾಲಿ ತೊಟ್ಟಿಯೇ 75 ಕೆ.ಜಿ. ಇರುತ್ತದೆ. ತಳದಲ್ಲಿ 5 ಸೆಂ.ಮೀ. ಮರಳು ಹಾಸಿದರೆ ಒಣಮರಳು 40 ಕೆ.ಜಿ., ಅದರ ಸಂದುಗಳಲ್ಲಿ ನಿಲ್ಲುವ ನೀರು ಇನ್ನೊಂದು 10 ಕೆ.ಜಿ. ಮರಳಿನ ಮೇಲೆ 50 ಸೆಂ.ಮೀ. ನೀರು ನಿಲ್ಲಿಸಿದರೆ 250 ಕೆ.ಜಿ. ಅಲಂಕಾರಕ್ಕೆಂದು 25 ಕೆ.ಜಿ. ಕಲ್ಲು ಇಟ್ಟರೆ ಅದು ತನ್ನ ಗಾತ್ರದಷ್ಟು, ಅಂದರೆ ಸುಮಾರು 10 ಲೀಟರ್, ನೀರಿನ ಜಾಗವನ್ನು ತೆಗೆದುಕೊಳ್ಳುವುದರಿಂದ ನಿವ್ವಳ ಏರಿಕೆ 15 ಕೆ.ಜಿ. ಮಾತ್ರ. ಗಟ್ಟಿ ಮರದ ಅಥವಾ ಕಬ್ಬಿಣದ ಸ್ಟ್ಯಾಂಡಿಗೆ 50 ಕೆ.ಜಿ., ಫಿಲ್ಟರ್, ದೀಪ, ಮುಚ್ಚಳ ಇತ್ಯಾದಿಗೆ 10 ಕೆ.ಜಿ. ಸೇರಿಸಿ. ಒಟ್ಟು 450 ಕೆ.ಜಿ. ಆಯಿತು. ಸ್ಟ್ಯಾಂಡಿನೊಳಗೆ ಸಂಪ್ (ತೊಟ್ಟಿಯ ನೀರು ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುವ ಸಣ್ಣ ತೊಟ್ಟಿ) ಇದ್ದರೆ ಅದರ ನೀರು ಮತ್ತು ಗಾಜು ಪ್ರತ್ಯೇಕ. 60 ಲೀಟರಿನ ಸಂಪ್ ಎಂದರೆ ಇನ್ನೊಬ್ಬ ವಯಸ್ಕ ಮನುಷ್ಯನನ್ನು ಶಾಶ್ವತವಾಗಿ ಆ ಮೂಲೆಯಲ್ಲಿ ಕೂರಿಸಿದ ಹಾಗೆ.

ಅಕ್ರಿಲಿಕ್ ತೊಟ್ಟಿಯಾದರೆ ಅದೇ ದಪ್ಪಕ್ಕೆ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಇದರಿಂದ ಆಗುವ ಉಳಿತಾಯ ಹತ್ತರಲ್ಲಿ ಒಂದು ಪಾಲನ್ನು ದಾಟುವುದಿಲ್ಲ.

ಮನೆಯ ನೆಲವನ್ನು ಚದರ ಮೀಟರಿಗೆ 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ ಎಂದು ಓದಿದೆ. ನನ್ನ ತೊಟ್ಟಿಯ ಲೆಕ್ಕ 830 ಬರುತ್ತಿದೆ. ಅಂದರೆ ನಾಲ್ಕು ಪಟ್ಟು ಮೀರಿತಲ್ಲವೇ?

ಈ ವಿಷಯದಲ್ಲಿ ಅತಿ ಹೆಚ್ಚು ಜನರನ್ನು ಹೆದರಿಸಿರುವ ಲೆಕ್ಕ ಇದು. ಅಂಕಿಗಳಲ್ಲಿ ತಪ್ಪಿಲ್ಲ, ಅವನ್ನು ಓದುವ ಕ್ರಮದಲ್ಲಿ ತಪ್ಪಿದೆ.

ಭಾರತದ ಐಎಸ್ 875 ಸಂಹಿತೆಯ ಎರಡನೇ ಭಾಗವು ವಾಸದ ಕೋಣೆಗಳಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ., ಚಲಭಾರವನ್ನು (ಜನ, ಪೀಠೋಪಕರಣಗಳಂಥ ಬದಲಾಗುವ ಭಾರವನ್ನು) ಹಿಡಿಯಬೇಕೆನ್ನುತ್ತದೆ. ಅಮೆರಿಕದ ವಸತಿ ಸಂಹಿತೆ ಚದರ ಅಡಿಗೆ 40 ಪೌಂಡ್, ಮಲಗುವ ಕೋಣೆಗೆ 30 ಪೌಂಡ್ ಎನ್ನುತ್ತದೆ; ಯೂರೋಪಿನ ಸಂಹಿತೆ 1.5ರಿಂದ 2 ಕಿಲೋನ್ಯೂಟನ್ ವ್ಯಾಪ್ತಿಯನ್ನು ಕೊಡುತ್ತದೆ. ಹೆಚ್ಚುಕಡಿಮೆ ಎಲ್ಲರೂ ಒಂದೇ ಜಾಗಕ್ಕೆ ಬಂದು ನಿಂತಿದ್ದಾರೆ. ಆದರೆ ಈ ಅಂಕಿ, ಕೋಣೆಯ ಉದ್ದಗಲಕ್ಕೂ ಒಂದೇ ಸಮನೆ ಹರಡಿದ ಭಾರದ ಸರಾಸರಿ. ಯಾವುದೇ ಒಂದು ಚದರ ಮೀಟರನ್ನು ಕತ್ತರಿಸಿ ತೆಗೆದು, ಅದರ ಮೇಲೆ 201ನೇ ಕೆ.ಜಿ. ಇಟ್ಟಕೂಡಲೇ ಅದು ಕುಸಿಯುತ್ತದೆ ಎಂಬ ಅರ್ಥ ಅದಕ್ಕಿಲ್ಲ.

ಇದನ್ನು ಇನ್ನೊಂದು ಕಡೆಯಿಂದ ನೋಡಿ. ನೀರಿನ ಪ್ರತಿ 10 ಸೆಂ.ಮೀ. ಎತ್ತರವೂ ತನ್ನ ಕೆಳಗಿನ ಚದರ ಮೀಟರಿಗೆ 100 ಕೆ.ಜಿ. ಒತ್ತಡ ಹಾಕುತ್ತದೆ, ತೊಟ್ಟಿಯ ಉದ್ದಗಲ ಏನೇ ಇದ್ದರೂ ಈ ಲೆಕ್ಕ ಬದಲಾಗದು. ಹಾಗಾಗಿ ಮಕ್ಕಳ ಮೇಜಿನ ಮೇಲಿರುವ, ಒಂದಡಿ ಎತ್ತರದ, ಕೈಯಲ್ಲಿ ಎತ್ತಬಹುದಾದ ತೊಟ್ಟಿಯೂ ಚದರ ಮೀಟರಿಗೆ 300 ಕೆ.ಜಿ. ದಾಟುತ್ತದೆ. 70 ಕೆ.ಜಿ. ತೂಕದ ಮನುಷ್ಯ ಎರಡು ಪಾದ ಊರಿ ನಿಂತರೆ, ಪಾದದಡಿಯ ಒತ್ತಡ ಚದರ ಮೀಟರಿಗೆ ಸಾವಿರ ಕೆ.ಜಿ.ಯನ್ನೂ ಮೀರುತ್ತದೆ. ನಾವು ನಿತ್ಯ ನಡೆದಾಡುತ್ತಲೇ ಇದ್ದೇವೆ, ನೆಲ ಅದರ ಪಾಡಿಗೆ ಅದಿದೆ.

ನೆಲದ ಮಟ್ಟಿಗೆ ಮುಖ್ಯವಾದದ್ದು ಬಾಗಿಸುವ ಬಲ. ಒಂದು ಆಧಾರದಿಂದ ಇನ್ನೊಂದಕ್ಕೆ 4 ಮೀಟರ್ ಅಂತರವಿರುವ ಸ್ಲ್ಯಾಬ್ ಎಂದುಕೊಳ್ಳಿ. ನಿಮ್ಮ ತೊಟ್ಟಿಯಷ್ಟೇ, ಅಂದರೆ 1.2 ಮೀಟರ್, ಅಗಲದ ಒಂದು ಪಟ್ಟಿಯನ್ನು ಮನಸ್ಸಿನಲ್ಲೇ ಬೇರ್ಪಡಿಸಿ. ಅದರ ವಿಸ್ತೀರ್ಣ 4.8 ಚದರ ಮೀಟರ್. ಚದರ ಮೀಟರಿಗೆ 200ರಂತೆ ಅದಕ್ಕೆ ಸಿಗುವ ಚಲಭಾರ 960 ಕೆ.ಜಿ. ಈಗ 450 ಕೆ.ಜಿ. ತೊಟ್ಟಿಯನ್ನು ನಟ್ಟನಡುವೆ ಇಟ್ಟರೆ, ಒಂದೇ ಕಡೆ ಒತ್ತುವ ಭಾರವಾದ್ದರಿಂದ, ಬಾಗಿಸುವ ಲೆಕ್ಕದಲ್ಲಿ ಅದು ಪಟ್ಟಿಯುದ್ದಕ್ಕೂ ಹರಡಿದ 900 ಕೆ.ಜಿ.ಗೆ ಸಮನಾಗುತ್ತದೆ. ಆ ಪಟ್ಟಿಗೆಂದು ಮೀಸಲಿಟ್ಟದ್ದು ಬಹುಪಾಲು ಖರ್ಚಾದಂತೆ. ಅದೇ ತೊಟ್ಟಿಯ ನಡುಮಧ್ಯ ಗೋಡೆಯಿಂದ 30 ಸೆಂ.ಮೀ. ದೂರದಲ್ಲಿ ಬರುವಂತೆ ಇಟ್ಟರೆ, ಬಾಗಿಸುವ ಪರಿಣಾಮ ನಡುವಿನದರ ಶೇ. 28ಕ್ಕೆ ಇಳಿಯುತ್ತದೆ, ಹರಡಿದ ಭಾರದ ಲೆಕ್ಕದಲ್ಲಿ ಬರೀ 250 ಕೆ.ಜಿ. ಉಳಿದ ತೂಕ ಹೆಚ್ಚು ದೂರ ಹೋಗದೆ ನೇರವಾಗಿ ಆಧಾರಕ್ಕೆ ಇಳಿದುಹೋಗುತ್ತದೆ. ವಾಸ್ತವದಲ್ಲಿ ಅಕ್ಕಪಕ್ಕದ ಸ್ಲ್ಯಾಬ್ ಕೂಡ ಭಾರಕ್ಕೆ ಹೆಗಲು ಕೊಡುವುದರಿಂದ ಸ್ಥಿತಿ ಇದಕ್ಕಿಂತ ಇನ್ನಷ್ಟು ಅನುಕೂಲವಾಗಿಯೇ ಇರುತ್ತದೆ. ತೊಟ್ಟಿ ಅದೇ, ನೀರು ಅದೇ. ಒಂದೂವರೆ ಮೀಟರ್ ಚಿಲ್ಲರೆ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಹಾಗಾದರೆ ಯಾವ ಗೋಡೆಯ ಪಕ್ಕ ಇಡಬೇಕು? ಯಾವುದಾದರೂ ಆದೀತೇ?

ಆಗದು. ಕೋಣೆಯನ್ನು ವಿಭಾಗಿಸಲು ಎಬ್ಬಿಸಿದ ತೆಳ್ಳನೆಯ ಗೋಡೆ ತಾನೇ ಸ್ಲ್ಯಾಬಿನ ಮೇಲೆ ಕುಳಿತ ಭಾರ. ಅದರ ಪಕ್ಕದಲ್ಲಿ ತೊಟ್ಟಿ ಇಡುವುದೆಂದರೆ ಭಾರದ ಪಕ್ಕ ಭಾರ ಇಟ್ಟಂತೆ. ಕೆಳಗಿನ ಮನೆಯಲ್ಲಿಯೂ ಅದೇ ಜಾಗದಲ್ಲಿ ಗೋಡೆ ಇದೆಯೇ, ಅಲ್ಲಿನ ಛಾವಣಿಯಲ್ಲಿ ಆ ಗೆರೆಗುಂಟ ತೊಲೆ ಇಳಿಬಿದ್ದಿದೆಯೇ ಎಂದು ನೋಡಿ. ಎಲ್ಲ ಮಹಡಿಗಳ ವಿನ್ಯಾಸ ಒಂದೇ ಇದ್ದರೆ ನಿಮ್ಮ ಮನೆಯ ಛಾವಣಿಯನ್ನೇ ತಲೆಯೆತ್ತಿ ನೋಡಿದರೂ ಸುಳಿವು ಸಿಗುತ್ತದೆ, ಏಕೆಂದರೆ ಮೇಲೆ ಕಾಣುವ ತೊಲೆ ಸಾಮಾನ್ಯವಾಗಿ ನಿಮ್ಮ ಕಾಲಡಿಯಲ್ಲೂ ಅದೇ ಗೆರೆಯಲ್ಲಿ ಇರುತ್ತದೆ. ಎರಡು ತೊಲೆಗಳು ಸೇರುವ, ಕಂಬ ಇರುವ ಮೂಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಉದ್ದನೆಯ ಕೋಣೆಯಲ್ಲಿ ಸ್ಲ್ಯಾಬ್ ಭಾರವನ್ನು ಮುಖ್ಯವಾಗಿ ಗಿಡ್ಡ ದಿಕ್ಕಿನಲ್ಲಿ ಒಯ್ದು ಉದ್ದನೆಯ ಗೋಡೆಗಳ ಮೇಲೆ ಇಳಿಸುತ್ತದೆ. ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಅದನ್ನು ಒಂದೇ ದಿಕ್ಕಿನ ಸ್ಲ್ಯಾಬ್ ಎಂದೇ ಲೆಕ್ಕ ಮಾಡುತ್ತಾರೆ. ಅಂಥಲ್ಲಿ ತೊಟ್ಟಿಯ ಬೆನ್ನು ಉದ್ದನೆಯ ಗೋಡೆಗೆ ಬರುವುದು ಮೇಲು.

ಬಾಲ್ಕನಿಯ ವಿಚಾರ ಬೇರೆ. ಅದು ಸಾಮಾನ್ಯವಾಗಿ ಒಂದೇ ಬದಿಗೆ ಆಧಾರವಿರುವ, ಗಾಳಿಗೆ ಚಾಚಿದ ಸ್ಲ್ಯಾಬ್. ಅದನ್ನು ಹಿಡಿದಿಡುವ ಕಂಬಿಗಳು ಮೇಲ್ಭಾಗದಲ್ಲಿರುತ್ತವೆ. ಮಳೆ ನೀರು ಇಳಿದು ಆ ಕಂಬಿಗಳಿಗೇ ಮೊದಲು ತುಕ್ಕು ಹಿಡಿಯುತ್ತದೆ. ಅಲ್ಲಿ ಭಾರದ ತೊಟ್ಟಿ ಇಡುವುದು ನನಗೆ ಯಾವ ಲೆಕ್ಕದಲ್ಲೂ ಒಪ್ಪಿಗೆಯಿಲ್ಲ.

ನಮ್ಮದು ಮರದ ನೆಲ. ಇದೇ ನಿಯಮ ಅನ್ವಯಿಸುತ್ತದೆಯೇ?

ಆಧಾರದ ಹತ್ತಿರ ಇಡಬೇಕೆಂಬ ತತ್ವ ಅನ್ವಯಿಸುತ್ತದೆ, ಆದರೆ ಮರದಲ್ಲಿ ದಿಕ್ಕಿಗೆ ಇನ್ನೂ ಹೆಚ್ಚಿನ ಬೆಲೆ. ಸಾಮಾನ್ಯವಾಗಿ 40ರಿಂದ 60 ಸೆಂ.ಮೀ.ಗೆ ಒಂದರಂತೆ ಜಂತೆಗಳನ್ನು ಜೋಡಿಸಿರುತ್ತಾರೆ. ನಾಲ್ಕಡಿ ತೊಟ್ಟಿಯನ್ನು ಜಂತೆಗಳಿಗೆ ಅಡ್ಡವಾಗಿ, ಜಂತೆಗಳು ಗೋಡೆಯ ಮೇಲೆ ಕೂರುವ ತುದಿಯ ಬಳಿ ಇಟ್ಟರೆ ಮೂರು ಜಂತೆಗಳು ಭಾರ ಹಂಚಿಕೊಳ್ಳುತ್ತವೆ. ಜಂತೆಗೆ ಸಮಾನಾಂತರವಾಗಿ ಇಟ್ಟರೆ ಇಡೀ ಭಾರ ಒಂದೆರಡರ ಮೇಲೆ ಬೀಳುತ್ತದೆ; ಗೋಡೆಯ ಪಕ್ಕವೇ ಇದ್ದರೂ, ಆ ಗೋಡೆಗೆ ಜಂತೆ ತಾಗಿರದಿದ್ದರೆ ಪ್ರಯೋಜನವಿಲ್ಲ. ಜಂತೆಯ ಮೇಲಿನ ಹಲಗೆ ಮರದ ಪುಡಿಯನ್ನು ಒತ್ತಿ ಮಾಡಿದ್ದಾದರೆ, ವರ್ಷಗಟ್ಟಲೆ ಬೀಳುವ ಸಣ್ಣ ಹನಿಗಳಿಗೂ ಅದು ಉಬ್ಬಿ ಸತ್ವ ಕಳೆದುಕೊಳ್ಳುತ್ತದೆ.

ಒಂದು ಸರಳ ಪರೀಕ್ಷೆಯಿದೆ. ತೊಟ್ಟಿ ಇಡಬೇಕೆಂದಿರುವ ಜಾಗದಲ್ಲಿ ನೆಲದ ಮೇಲೆಯೇ ಒಂದು ಲೋಟ ತುಂಬ ನೀರಿಟ್ಟು, ಮನೆಯವರೊಬ್ಬರಿಗೆ ಕೋಣೆಯಲ್ಲಿ ಹಿಮ್ಮಡಿ ಊರಿ ನಡೆಯಲು ಹೇಳಿ. ಪ್ರತಿ ಹೆಜ್ಜೆಗೂ ಲೋಟದ ನೀರಿನಲ್ಲಿ ಉಂಗುರ ಎದ್ದು ಅಂಚಿಗೆ ಹೋಗಿ ಬಡಿಯುತ್ತಿದ್ದರೆ ಆ ನೆಲ ಮೆದುವಾಗಿದೆ ಎಂದರ್ಥ. ಅದು ಮುರಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ, ಬಲವಾಗಿದೆ ಎಂಬುದಕ್ಕೆ ಅಲುಗದಿರುವುದೂ ಸಾಕ್ಷಿಯಲ್ಲ. ಆದರೆ ಉಂಗುರ ಕಂಡಮೇಲೆ ತಜ್ಞರನ್ನು ಕರೆಸದೆ ಮುಂದುವರಿಯಬೇಡಿ.

ಹಬ್ಬದ ದಿನ ಇದೇ ಕೋಣೆಯಲ್ಲಿ ಇಪ್ಪತ್ತು ಜನ ಸೇರುತ್ತಾರೆ, ಏನೂ ಆಗುವುದಿಲ್ಲ. ತೊಟ್ಟಿಗೆ ಮಾತ್ರ ಇಷ್ಟೊಂದು ಯೋಚನೆ ಏಕೆ?

ಏಳು ಜನ ಒಂದು ಮೂಲೆಯಲ್ಲಿ ಒತ್ತಿಕೊಂಡು ಫೋಟೊಗೆ ನಿಂತರೆ ನಮ್ಮ 450 ಕೆ.ಜಿ. ತೊಟ್ಟಿಗೆ ಸಮನಾಗುತ್ತಾರೆ, ನಿಜ. ಆದರೆ ಫೋಟೊ ತೆಗೆದಮೇಲೆ ಅವರು ಮನೆಗೆ ಹೋಗುತ್ತಾರೆ. ತೊಟ್ಟಿ ಹೋಗುವುದಿಲ್ಲ. ಕಾಂಕ್ರೀಟ್ ಮತ್ತು ಮರ ಎರಡಕ್ಕೂ ನಿರಂತರ ಭಾರದಡಿ ನಿಧಾನವಾಗಿ ಜೋಲು ಬೀಳುವ ಗುಣವಿದೆ. ಅಮೆರಿಕದ ಕಾಂಕ್ರೀಟ್ ಸಂಹಿತೆಯ ಲೆಕ್ಕದಂತೆ, ಮೇಲ್ಭಾಗದಲ್ಲಿ ಹೆಚ್ಚುವರಿ ಕಂಬಿ ಇಲ್ಲದ ಸ್ಲ್ಯಾಬ್ ಭಾರ ಹೇರಿದ ದಿನ ಎಷ್ಟು ಬಾಗುತ್ತದೆಯೋ, ಐದು ವರ್ಷ ಅದೇ ಭಾರ ಕೂತರೆ ಅದರ ಎರಡರಷ್ಟು ಹೆಚ್ಚುವರಿಯಾಗಿ ಬಾಗುತ್ತದೆ. ಮೊದಲ ದಿನ 1 ಮಿ.ಮೀ. ಬಾಗಿದ್ದು ಕೊನೆಗೆ 3 ಮಿ.ಮೀ. ಆಗುತ್ತದೆ. ಕಟ್ಟಡಕ್ಕೆ ಇದು ದೊಡ್ಡ ವಿಷಯವಲ್ಲ. ಅದರ ಮೇಲಿನ ನೆಲಹಾಸಿನ ಟೈಲ್ಸಿಗೆ, ಗಾಜಿನ ತೊಟ್ಟಿಯ ಸಿಲಿಕೋನ್ ಅಂಟಿಗೆ ದೊಡ್ಡ ವಿಷಯವಾಗಬಹುದು.

ಹತ್ತನೇ ಮಹಡಿಗಿಂತ ಎರಡನೇ ಮಹಡಿ ಸುರಕ್ಷಿತವೇ?

ನೆಲದ ಬಲದ ಮಟ್ಟಿಗೆ ವ್ಯತ್ಯಾಸವಿಲ್ಲ. ಪ್ರತಿ ಮಹಡಿಯ ಸ್ಲ್ಯಾಬ್ ತನ್ನ ಮೇಲಿನ ಭಾರವನ್ನು ಮಾತ್ರ ಹೊರುತ್ತದೆ, ಕಂಬಗಳು ಎಲ್ಲವನ್ನೂ ಹೊರುತ್ತವೆ. ಇಡೀ ಕಟ್ಟಡದ ತೂಕದ ಮುಂದೆ ನಿಮ್ಮ ಅರ್ಧ ಟನ್ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ನೆಲಮಹಡಿಯ ಬಗ್ಗೆ. ಕೆಳಗೆ ವಾಹನ ನಿಲುಗಡೆಯ ನೆಲಮಾಳಿಗೆ ಇದ್ದರೆ ನೆಲಮಹಡಿಯೂ ಮಣ್ಣಿನ ಮೇಲಿಲ್ಲ, ಅದೂ ತೂಗುವ ಸ್ಲ್ಯಾಬೇ.

ಸ್ಟ್ಯಾಂಡಿನ ಕೆಳಗೆ ಪ್ಲೈವುಡ್ ಹಾಕಿದರೆ ಭಾರ ಹಂಚಿಹೋಗುತ್ತದೆಯೇ?

ಸ್ವಲ್ಪ ಮಟ್ಟಿಗೆ, ಅದೂ ಸ್ಥಳೀಯವಾಗಿ. ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡಿನಲ್ಲಿ ಪ್ರತಿ ಕಾಲಿಗೂ 110 ಕೆ.ಜಿ.ಗಿಂತ ಹೆಚ್ಚು ಬೀಳುತ್ತದೆ. 4 ಸೆಂ.ಮೀ. ಚೌಕದ ಕಾಲು ಎಂದರೆ ಚದರ ಸೆಂಟಿಮೀಟರಿಗೆ 7 ಕೆ.ಜಿ. ಗಟ್ಟಿ ಕಾಂಕ್ರೀಟಿಗೆ ಇದೇನೂ ಅಲ್ಲ. ಆದರೆ ಟೈಲ್ಸಿನ ಕೆಳಗೆ ಗಾರೆ ತುಂಬದೆ ಪೊಳ್ಳಾಗಿದ್ದರೆ ಅದು ಅಲ್ಲೇ ಬಿರಿಯುತ್ತದೆ. ಬೆರಳಗಂಟಿನಿಂದ ತಟ್ಟಿದರೆ ಗಟ್ಟಿ ಟೈಲ್ಸ್ ಮಂದವಾಗಿಯೂ, ಪೊಳ್ಳು ಟೈಲ್ಸ್ ಮಡಕೆಯಂತೆಯೂ ಸದ್ದು ಮಾಡುತ್ತದೆ. ಕಾಲು ಬರುವ ನಾಲ್ಕೂ ಜಾಗದಲ್ಲಿ ತಟ್ಟಿ ನೋಡಿ. ಇಂಥ ಕಡೆ 18 ಮಿ.ಮೀ. ನೀರುನಿರೋಧಕ ಪ್ಲೈವುಡ್ ಹಾಳೆ ಉಪಕಾರಿ. ಅಂಚಿನುದ್ದಕ್ಕೂ ನೆಲ ತಾಗುವ ಪೆಟ್ಟಿಗೆ ಮಾದರಿಯ ಸ್ಟ್ಯಾಂಡ್ ಅದಕ್ಕಿಂತ ಒಳ್ಳೆಯದು. ಆದರೆ ಪ್ಲೈವುಡ್ ಸ್ಲ್ಯಾಬಿನ ಒಟ್ಟು ಬಾಗುವಿಕೆಯನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ತೊಟ್ಟಿಯ ತಳಕ್ಕೆ ಹಾಸುವ ಫೋಮ್ ಹಾಳೆಯ ಕೆಲಸವೇ ಬೇರೆ: ಅದು ಗಾಜಿಗೂ ಸ್ಟ್ಯಾಂಡಿಗೂ ನಡುವಿನ ಸಣ್ಣ ಉಬ್ಬುತಗ್ಗುಗಳನ್ನು ತುಂಬುತ್ತದೆ, ನೆಲಕ್ಕೆ ಏನೂ ಮಾಡುವುದಿಲ್ಲ. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇರುವ, ಅಂಚಿನ ಮೇಲೆಯೇ ಕೂರುವ ತೊಟ್ಟಿಗೆ ಫೋಮ್ ಬೇಡ.

ನೆಲ ಸ್ವಲ್ಪ ವಾಲಿದೆ. ಎಷ್ಟು ವಾಲಿದರೆ ತೊಂದರೆ?

ಉದ್ದಕ್ಕೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ನೀರಿನ ಗೆರೆ ಕಣ್ಣಿಗೆ ಓರೆಯಾಗಿ ಕಾಣುತ್ತದೆ, ಅಷ್ಟೆ. ನನ್ನ ಮನೆಯ ತೊಟ್ಟಿಯಲ್ಲೇ ಎಡತುದಿಗೆ ನೀರು 3 ಮಿ.ಮೀ. ಎತ್ತರವಿತ್ತು, ಸ್ಟ್ಯಾಂಡಿನ ಕೆಳಗೆ ತೆಳು ಪಟ್ಟಿ ಕೊಟ್ಟು ಸರಿಪಡಿಸಲು ಎಲ್ಲ ನೀರನ್ನೂ ಖಾಲಿ ಮಾಡಬೇಕಾಯಿತು, ಏಕೆಂದರೆ ಮೊದಲೇ ರಸಮಟ್ಟ ಇಟ್ಟು ನೋಡುವ ಸಹನೆ ನನಗಿರಲಿಲ್ಲ. ವಾಲುವುದಕ್ಕಿಂತ ತಿರುಚುವುದು ಅಪಾಯಕಾರಿ: ಮೂರು ಮೂಲೆ ಗಟ್ಟಿಯಾಗಿ ಕೂತು ನಾಲ್ಕನೆಯದು ಕಾಗದದ ದಪ್ಪದಷ್ಟು ಎದ್ದಿದ್ದರೂ ತಳದ ಗಾಜಿನ ಮೇಲೆ ನಿರಂತರ ಒತ್ತಡ ಬೀಳುತ್ತದೆ.

ನೀರು ತುಂಬುವಾಗ ಏನು ಗಮನಿಸಬೇಕು?

ಒಂದೇ ಸಲಕ್ಕೆ ತುಂಬಬೇಡಿ. ಕಾಲು ಭಾಗ ತುಂಬಿ ರಸಮಟ್ಟ ನೋಡಿ, ನೀರಿನ ಗೆರೆಯಿಂದ ಅಂಚಿನವರೆಗಿನ ಅಳತೆಯನ್ನು ಎರಡೂ ತುದಿಯಲ್ಲಿ ಬರೆದಿಡಿ. ಹೀಗೆ ನಾಲ್ಕು ಹಂತ. ಪೂರ್ತಿ ತುಂಬಿದ ಮೇಲೆ ಒಂದು ದಿನ, ಒಂದು ವಾರ, ಒಂದು ತಿಂಗಳಿಗೆ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಹಿಗ್ಗುತ್ತಲೇ ಹೋದರೆ, ಸ್ಲ್ಯಾಬಿನ ಕೆಳಭಾಗದಲ್ಲಿ ಹೊಸ ಬಿರುಕು ಕಂಡರೆ, ಹತ್ತಿರದ ಬಾಗಿಲು ಚೌಕಟ್ಟಿಗೆ ಉಜ್ಜತೊಡಗಿದರೆ ಮೊದಲು ನೀರು ಇಳಿಸಿ, ಆಮೇಲೆ ಕಾರಣ ಹುಡುಕಿ. ಭಾರ ಇಳಿಸುವುದು ಇಷ್ಟು ಸುಲಭವಾಗಿರುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಒಂದು ಕೊಳವೆ ಸಾಕು.

ವಿನ್ಯಾಸದಲ್ಲಿ ಸುರಕ್ಷತಾ ಗುಣಕ ಇದ್ದೇ ಇರುತ್ತದಲ್ಲ? ಅದನ್ನು ನಂಬಬಹುದಲ್ಲವೇ?

ಇರುತ್ತದೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456ರಲ್ಲಿ ಸ್ಥಿರಭಾರ (ಕಟ್ಟಡದ ಸ್ವಂತ ತೂಕ) ಮತ್ತು ಚಲಭಾರ ಎರಡನ್ನೂ 1.5ರಿಂದ ಗುಣಿಸಿ ವಿನ್ಯಾಸ ಮಾಡುತ್ತಾರೆ. ಆದರೆ ಆ ಹೆಚ್ಚುವರಿ ಬಲ ಮನೆಯವರ ಉಳಿತಾಯ ಖಾತೆಯಲ್ಲ. ಕಾಂಕ್ರೀಟಿಗೆ ನೀರು ಹೆಚ್ಚು ಬಿದ್ದಿದ್ದಕ್ಕೆ, ಕಂಬಿ ಕಾಲಡಿಗೆ ಸಿಕ್ಕಿ ಕೆಳಗೆ ಜಗ್ಗಿದ್ದಕ್ಕೆ, ಆಮೇಲೆ ಯಾರೋ ನೆಲದ ಮೇಲೆ ಇನ್ನೊಂದು ಪದರ ಗ್ರಾನೈಟ್ ಹಾಕಿಸಿದ್ದಕ್ಕೆ ಅದು ಈಗಾಗಲೇ ಖರ್ಚಾಗಿರಬಹುದು. ಹಳೆಯ ಕಟ್ಟಡದಲ್ಲಿ ಎಷ್ಟು ಖರ್ಚಾಗಿದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಎಷ್ಟು ತೂಕದ ಮೇಲೆ ಇಂಜಿನಿಯರನ್ನು ಕೇಳಬೇಕು? ಏನೆಂದು ಕೇಳಬೇಕು?

ಇದಕ್ಕೆ ಎಲ್ಲರೂ ಒಪ್ಪುವ ಗಡಿರೇಖೆಯಿಲ್ಲ. ನಾನು ಪಾಲಿಸುವುದನ್ನು ಹೇಳುತ್ತೇನೆ. ಎಲ್ಲ ಸೇರಿ 200 ಕೆ.ಜಿ.ವರೆಗೆ, ಆರೋಗ್ಯವಂತ ಕಟ್ಟಡದಲ್ಲಿ, ಗೋಡೆಯ ಪಕ್ಕ, ಯಾರನ್ನೂ ಕೇಳುವುದಿಲ್ಲ. 200ರಿಂದ 500ರವರೆಗೆ ತೊಲೆ, ಕಂಬ, ಸ್ಲ್ಯಾಬಿನ ದಿಕ್ಕು ಖಚಿತವಾಗಿ ಗೊತ್ತಿದ್ದರೆ ಮಾತ್ರ ಮುಂದುವರಿಯುತ್ತೇನೆ. ಅದರ ಮೇಲೆ, ಅಥವಾ ಮರದ ನೆಲ, ಟೊಳ್ಳು ಇಟ್ಟಿಗೆ ತುಂಬಿದ ಸ್ಲ್ಯಾಬ್, ತುಕ್ಕಿನ ಕಲೆ, ಉದುರಿದ ಗಾರೆ ಇವುಗಳಲ್ಲಿ ಯಾವುದೇ ಒಂದು ಇದ್ದರೆ, ತೂಕ ಎಷ್ಟೇ ಇರಲಿ, ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು. ಒಂದರ ಮೇಲೊಂದು ಮೂರು ತೊಟ್ಟಿ ಜೋಡಿಸುವವರು ಮೂರರ ತೂಕವನ್ನೂ ಒಂದೇ ಜಾಗಕ್ಕೆ ಕೂಡಿಸಬೇಕು ಎಂಬುದನ್ನು ಮರೆಯುತ್ತಾರೆ.

“ನೆಲ ತಡೆಯುತ್ತದೆಯೇ ಸಾರ್?” ಎಂದು ಕೇಳಿದರೆ ಅವರಿಂದಲೂ ಅಂದಾಜಿನ ಉತ್ತರವೇ ಬರುತ್ತದೆ. ಒಟ್ಟು ತೂಕ, ಸ್ಟ್ಯಾಂಡಿನ ತಳದ ಅಳತೆ, ಕಾಲುಗಳ ಸಂಖ್ಯೆ, ಗೋಡೆಯಿಂದ ದೂರ, ಭಾರ ಶಾಶ್ವತ ಎಂಬ ಮಾತು, ಕಟ್ಟಡದ ಸ್ಟ್ರಕ್ಚರಲ್ ನಕ್ಷೆ ಇಷ್ಟನ್ನೂ ಮುಂದಿಡಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಅಕ್ವೇರಿಯಂ ಮಾರುವವರು ಕೊಡುವ ಭರವಸೆ ಇದರ ಬದಲಿಗೆ ನಿಲ್ಲದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು.

ಸಮುದ್ರದ ನೀರಿನ ತೊಟ್ಟಿ ಹೆಚ್ಚು ಭಾರವೇ?

ಉಪ್ಪುನೀರು ಲೀಟರಿಗೆ ಸುಮಾರು 1.025 ಕೆ.ಜಿ. ತೂಗುತ್ತದೆ, ಅಂದರೆ 250 ಲೀಟರಿಗೆ 6 ಕೆ.ಜಿ. ಹೆಚ್ಚು. ತೂಕದ ದೃಷ್ಟಿಯಿಂದ ಇದನ್ನು ಮರೆತುಬಿಡಬಹುದು. ಮರೆಯಬಾರದ್ದು ಸೋರಿಕೆ: ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದರೆ ಕಂಬಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ.

ಇಷ್ಟೆಲ್ಲ ನೋಡಿಯೂ ಉಳಿಯುವ ಅಪಾಯ ಯಾವುದು?

ನೀರು. ನೆಲ ಕುಸಿಯುವ ಭಯದಲ್ಲಿ ನಿದ್ದೆಗೆಟ್ಟವರು ಕೂಡ ಇದನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ. 12 ಚದರ ಮೀಟರಿನ ಕೋಣೆಯಲ್ಲಿ 250 ಲೀಟರ್ ಹರಡಿದರೆ ನೆಲದ ತುಂಬ ಎರಡು ಸೆಂಟಿಮೀಟರ್ ನೀರು ನಿಲ್ಲುತ್ತದೆ. ಟೈಲ್ಸಿನ ಸಂದು, ವಿದ್ಯುತ್ ಕೊಳವೆ, ಗೋಡೆಯ ಬುಡ ಹೀಗೆ ದಾರಿ ಸಿಕ್ಕಲ್ಲೆಲ್ಲ ಅದು ಕೆಳಗಿನ ಮನೆಗೆ ಇಳಿಯುತ್ತದೆ. ಗಾಜು ಒಡೆದೇ ಇದಾಗಬೇಕೆಂದಿಲ್ಲ. ಕರೆಂಟ್ ಹೋದಾಗ ಪಂಪ್ ನಿಂತು, ಸಂಪಿನ ನೀರನ್ನು ತೊಟ್ಟಿಗೆ ಮರಳಿಸುವ, ತುದಿ ನೀರೊಳಗೆ ಆಳಕ್ಕೆ ಮುಳುಗಿದ ಕೊಳವೆ ತೊಟ್ಟಿಯ ನೀರನ್ನು ಹಿಂದಕ್ಕೆ ಸಂಪಿಗೆ ಸೆಳೆಯತೊಡಗುತ್ತದೆ. ಸಂಪ್ ತುಂಬಿ ಹೊರಗೆ ಹರಿಯುತ್ತದೆ. ಕೊಳವೆಯಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಇದ್ದರೆ, ಮಟ್ಟ ಅಲ್ಲಿಗೆ ಇಳಿದಕೂಡಲೇ ಗಾಳಿ ಹೊಕ್ಕು ಸೆಳೆತ ನಿಲ್ಲುತ್ತದೆ. ಆ ತೂತು ಪಾಚಿಯಿಂದ ಮುಚ್ಚದಂತೆ ನೋಡಿಕೊಳ್ಳಬೇಕು. ತೊಟ್ಟಿಯನ್ನು ಚಾಲೂ ಮಾಡಿದ ದಿನವೇ ಬೇಕೆಂದೇ ಪಂಪಿನ ಸ್ವಿಚ್ ಆರಿಸಿ, ಸಂಪಿನ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಗೆರೆ ಎಳೆದಿಡಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರುವಂತಿರಲಿ, ಆಗ ವೈರಿಗುಂಟ ಇಳಿದ ಹನಿ ಪ್ಲಗ್ಗನ್ನು ತಲುಪದೆ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಮನೆಗೆ ವಿಮೆ ಇದ್ದರೆ, ಅಕ್ವೇರಿಯಂ ಸೋರಿ ಕೆಳಮನೆಗಾಗುವ ಹಾನಿ ಅದರಲ್ಲಿ ಸೇರಿದೆಯೇ ಎಂದು ನೀರು ತುಂಬುವ ಮುಂಚೆಯೇ ಓದಿ ನೋಡಿ.